ಸಮನ್ಸ್ ಕಳಿಸದ ಮರ್ಯಾದೆ

ಸಂಪಗಾಂವದ ರಾಚವ್ವನಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಹೌಸಿಯೇನೂ ಇರಲಿಲ್ಲ. ಆಕೆಗೆ ಬೇಕಾದದ್ದು ಹನ್ನೊಂದು ಸಾವಿರ ರೂಪಾಯಿ. ತಾನೇ ಸಾಕಿ ಮಾರಿದ ಜೋಡಿ ಹೋರಿಗಳ ಬಾಕಿ ಹಣ. ಅದು ಬಂದರೆ ಎರಡು ಹೊಸ ಕರುಗಳು ಕೊಟ್ಟಿಗೆಗೆ ಬರುತ್ತವೆ. ಬರದಿದ್ದರೆ ಕೊಟ್ಟಿಗೆ ಮೈದುನನ ಟ್ರ್ಯಾಕ್ಟರಿಗೆ, ರಾಚವ್ವ ಮಂದಿಯ ಹೊಲದ ಕಸ ತೆಗೆಯಲಿಕ್ಕೆ. ಲೆಕ್ಕ ಇಷ್ಟೇ. ಇಷ್ಟಕ್ಕೆ ಏಳು ವರ್ಷ ಹಿಡಿಯಿತು.

ಆಕೆಯ ಕಸುಬು ಎಂಥದೆಂದು ಮೊದಲು ಹೇಳಬೇಕು. ಎಳೆಯ ಕಿಲಾರಿ ಕರುಗಳನ್ನು ಕೊಂಡು ತರುವುದು, ಎರಡು ವರ್ಷ ಹಿಂಡಿ, ಮೇವು ಹಾಕಿ ಬೆಳೆಸುವುದು, ನೊಗಕ್ಕೆ ಪಳಗಿಸುವುದು, ಜೋಡಿಯಾಗಿ ಸಂತೆಗೆ ಹೊಡೆಯುವುದು. ಗಂಡ ನಿಜಗುಣಪ್ಪ ಒಳ್ಳೆಯ ಮನುಷ್ಯ, ಆದರೆ ಪ್ರಾಯದಲ್ಲಿ ಒಮ್ಮೆ ಹೋರಿ ಹಾಯ್ದದ್ದೇ ನೆಪವಾಗಿ ಮುಂದೆ ಕೊಟ್ಟಿಗೆಯ ಹೊಸ್ತಿಲು ದಾಟಿದವನಲ್ಲ. ಭಜನೆಯಲ್ಲಿ ತಾಳ ಹಾಕುತ್ತಿದ್ದ, ಅದೂ ದೂರ ಕುಳಿತು. ಹೀಗಾಗಿ ದನದ ಕೆಲಸವೆಲ್ಲ ರಾಚವ್ವನದು. ಊರಿನಲ್ಲಿ ಯಾರ ಎತ್ತು ನೆಲ ಹಿಡಿದರೂ ಆಕೆಗೇ ಹೇಳಿ ಕಳಿಸುತ್ತಿದ್ದರು.

ಆದರೆ ಸಂತೆಯಲ್ಲಿ ಮಾತ್ರ ಆಕೆಯ ಕೈಗೆ ಕೆಲಸವಿರಲಿಲ್ಲ. ನಮ್ಮ ಕಡೆ ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ದಲಾಲಿ ಹೆಗಲ ಮೇಲಿನ ಟವೆಲ್ ತೆಗೆದು ಕೈಗಳ ಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ವ್ಯಾಪಾರ ಮುಗಿಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಅಲ್ಲಾಡುವ ಬಟ್ಟೆ ಮಾತ್ರ. ಹೆಂಗಸು ಪರಗಂಡಸಿನ ಕೈ ಹಿಡಿಯುವುದುಂಟೇ? ಆದ್ದರಿಂದ ರಾಚವ್ವನ ಪರವಾಗಿ ದೊಡವಾಡದ ದಲಾಲಿ ನಿಜಾಮಸಾಬನ ಕೈ ಒಳಗೆ ಹೋಗುತ್ತಿತ್ತು. ಸೆಗಣಿ ಬಾಚುವುದಕ್ಕೆ, ಮೂಗುದಾರ ಪೋಣಿಸುವುದಕ್ಕೆ ಆ ಹೆಣ್ಣುಗೈ ಆಗುತ್ತಿತ್ತು. ದರ ಕಟ್ಟುವುದಕ್ಕೆ ಆಗುತ್ತಿರಲಿಲ್ಲ. ಇದನ್ನು ನಾವು ಸಂಸ್ಕೃತಿ ಎಂದು ಕರೆದುಕೊಳ್ಳುತ್ತೇವೆ.

ತೊಂಬತ್ತೈದರ ಶಿವರಾತ್ರಿಯ ಸುಮಾರಿಗೆ ತಾಲೂಕಿನ ಒಂದು ಸಂತೆಯಲ್ಲಿ ರಾಚವ್ವನ ಜೋಡಿಗೆ ಗಿರಾಕಿ ಸಿಕ್ಕ. ರಾಮದುರ್ಗದ ಕಡೆಯ ಅಮೋಘಸಿದ್ದಪ್ಪ, ಹೊಲಮನೆ ಇದ್ದ ಕುಳ. ಟವೆಲ್ಲಿನ ಕೆಳಗೆ ಬಹಳ ಹೊತ್ತು ಕೈ ಆಡಿತು. ನಿಜಾಮಸಾಬ ಎದ್ದು ಬಂದು ರಾಚವ್ವನ ಕಿವಿಯಲ್ಲಿ ಹೇಳಿದ, "ಹದಿನೆಂಟಕ್ಕ ಮುಗಿಸೇನಿ ತಂಗಿ. ಏಳು ಈಗ, ಹನ್ನೊಂದು ಉಗಾದಿಗೆ."

ಸಂತೆಯ ಜಕಾತಿ ಚೀಟಿಯಲ್ಲಿ ದರ ಏಳು ಸಾವಿರ ಎಂದೇ ಬರೆಯಿಸಿದರು. ದರ ಕಡಿಮೆ ಬರೆಸಿದರೆ ಜಕಾತಿ ಕಡಿಮೆ. ಎಲ್ಲರೂ ಮಾಡುವುದೇ ಅದು. ಅಂದರೆ ಕಾಗದದ ಮೇಲೆ ಸುಳ್ಳು, ಬಟ್ಟೆಯ ಕೆಳಗೆ ಸತ್ಯ. ಹೋರಿಗಳು ರಾಮದುರ್ಗದ ದಾರಿ ಹಿಡಿದವು.

ಉಗಾದಿ ಬಂತು, ಹೋಯಿತು. ರಾಚವ್ವ ಎರಡು ಬಸ್ಸು ಬದಲಿಸಿ ಸವದತ್ತಿ ದಾಟಿ ಅಮೋಘಸಿದ್ದಪ್ಪನ ಮನೆಗೆ ಹೋದಳು. ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. "ಕೊಡೂದಿಲ್ಲ ಅಂತ ಅಂದೇನೇನವ್ವಾ? ಹತ್ತಿ ಮಾರಲಿ," ಎಂದ. ಮರುವರ್ಷ ಹೋದಾಗ "ಶೇಂಗಾ ಮಾರಲಿ" ಎಂದ. ಎರಡೂ ಊರಿನ ಹಿರಿಯರು ಒಮ್ಮೆ ಕಟ್ಟೆಯ ಮೇಲೆ ಕೂತರು. ಅವರೆದುರು ಒಪ್ಪಿಕೊಂಡ, ಕೈಮುಗಿದ, ಅವರೆಲ್ಲರಿಗೂ ಊಟ ಹಾಕಿಸಿದ. ಉಂಡ ಹಿರಿಯರು ರಾಚವ್ವನಿಗೆ, "ಮನಿತನಸ್ಥ ಮನಷ್ಯಾ. ಕೋರ್ಟು ಕಚೇರಿ ಅಂತ ಹೋಗಬ್ಯಾಡ," ಎಂದು ಬುದ್ಧಿ ಹೇಳಿದರು.

ಇತ್ತ ಖಾಲಿ ಕೊಟ್ಟಿಗೆಗೆ ಮೈದುನ ಸೋಮಪ್ಪ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. "ಹೆಂಗೂ ಖಾಲಿ ಐತಲ್ಲ ವೈನಿ. ದನದ ವ್ಯಾಪಾರ ನಿಮಗ ಸಾಕಿನ್ನ. ಮುಂದಿನ ವರ್ಷ ಇದಕ್ಕ ಶಟರ್ ಹಾಕಸ್ತೇನಿ."

ರಾಚವ್ವ ಬೈಲಹೊಂಗಲದ ಬಸ್ಸು ಹತ್ತಿದ್ದು ಆಮೇಲೆ.

ಗೌರೀಶ ವಕೀಲ ಆಗ ಹೊಸಬ. ಫೀ ಕಡಿಮೆ ಎಂದು ಯಾರೋ ಹೇಳಿದ್ದರು. ಹೆಂಗಸರಿಗೆ ಸರಕಾರದ ಖರ್ಚಿನಲ್ಲೇ ವಕೀಲ ಸಿಗುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅದು ಕಾಯ್ದೆಯಲ್ಲಿತ್ತು, ಕಟ್ಟೆಯ ಮೇಲೆ ಇರಲಿಲ್ಲ. ಗೌರೀಶ ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು ದರವನ್ನಲ್ಲ.

"ಬಾಕಿ ಯಾವಾಗ ಕೊಡತೇನಿ ಅಂದಿದ್ದ?"

"ತೊಂಬತ್ತೈದರ ಉಗಾದಿಗ್ರಿ."

ಗೌರೀಶ ಗೋಡೆಯ ಕ್ಯಾಲೆಂಡರ್ ನೋಡಿದ. ತೊಂಬತ್ತೆಂಟರ ಫೆಬ್ರವರಿ ನಡೆದಿತ್ತು. "ಇಂಥಾ ದಾವಾಕ್ಕ ಮೂರು ವರ್ಷ ಮುದ್ದತು ರಾಚವ್ವಾರ. ಬರೂ ತಿಂಗಳ ದಾಟಿದ್ರ ನಿಮ್ಮ ರೊಕ್ಕ ಮುಳುಗಿತಂತ ತಿಳೀರಿ."

"ಹಿರ್ಯಾರ ಮುಂದ ಒಪ್ಪಿಕೊಂಡಾನಲ್ರಿ. ಅದು ಹ್ವಾದ ವರ್ಷದ ಮಾತು."

"ಬರದು ಸಹಿ ಮಾಡ್ಯಾನೇನು?"

"ಕೈ ಮುಗದಾನ್ರಿ."

"ಕೈ ಮುಗದ್ರ ಮುದ್ದತು ಹಿಗ್ಗೂದಿಲ್ಲ."

ಆ ಹಿರಿಯರಲ್ಲಿ ಒಬ್ಬರಾದರೂ ಇದನ್ನು ಹೇಳಬಾರದಿತ್ತೇ? ಗೊತ್ತಿರಲಿಲ್ಲ ಎನ್ನುತ್ತಾರೆ. ಗೊತ್ತಿಲ್ಲದವರಿಗೆ ಬುದ್ಧಿ ಹೇಳುವ ಉಮೇದು ಯಾಕೆ? ಮೂರು ವರ್ಷದಲ್ಲಿ ಎರಡು ವರ್ಷ ಹನ್ನೊಂದು ತಿಂಗಳನ್ನು ಈ ಒಳ್ಳೆಯತನವೇ ತಿಂದು ಹಾಕಿತ್ತು.

ಗೌರೀಶ ಕೂಡಲೇ ರಜಿಸ್ಟರ್ ನೋಟೀಸು ಕಳಿಸಿದ. ಅದು 'ತೆಗೆದುಕೊಳ್ಳಲಿಲ್ಲ' ಎಂಬ ಬರಹ ಹೊತ್ತು ವಾಪಸು ಬಂತು. ರಾಚವ್ವ ಅಳುಮೋರೆ ಮಾಡಿದಾಗ ಆತ ಆ ಲಕೋಟೆಯನ್ನು ಒಡೆಯದೆ ಫೈಲಿನಲ್ಲಿಟ್ಟ. "ಛಲೋ ಆತು. ಬ್ಯಾಡ ಅಂದ್ರೂ ಮುಟ್ಟಿದಂಗನ." ಅಲ್ಲಿ ಇಲ್ಲಿ ಸಾಲ ಮಾಡಿ ಕೋರ್ಟ್ ಫೀ ತುಂಬಿದಳು. ರಾಮದುರ್ಗದ ಕೋರ್ಟಿಗೆ ಅಲೆಯಬೇಕೇನೋ ಎಂಬ ಅಂಜಿಕೆಯಿತ್ತು. ವ್ಯಾಪಾರ ಈ ತಾಲೂಕಿನಲ್ಲಿ ಆದದ್ದರಿಂದ ದಾವೆ ಬೈಲಹೊಂಗಲದಲ್ಲೇ ನಡೆಯುತ್ತದೆ ಎಂದ ಮೇಲೆ ಅಷ್ಟು ಉಸಿರು ಬಂತು. ಉಗಾದಿಗೆ ವಾರ ಇರುವಾಗ ದಾವೆ ದಾಖಲಾಯಿತು.

ಅಮೋಘಸಿದ್ದಪ್ಪ ವಕೀಲರನ್ನು ಹಿಡಿದು ಕೈಫಿಯತ್ತು, ಅಂದರೆ ಬರಹದ ಉತ್ತರ, ಹಾಕಿದ. ಹೋರಿಗಳ ದರ ಏಳು ಸಾವಿರ, ಅದನ್ನು ಅಂದೇ ಕೊಟ್ಟಿದ್ದೇನೆ, ಇಗೋ ಚೀಟಿ. ಚಹಾ ಅವಲಕ್ಕಿಯ ಸುದ್ದಿ ಅದರಲ್ಲಿ ಇರಲಿಲ್ಲ.

ತಾರೀಖಿನ ಮೇಲೆ ತಾರೀಖು ಬಿದ್ದು ರಾಚವ್ವನ ಸಾಕ್ಷಿಯ ದಿನ ಬಂದದ್ದು ಎರಡು ಸಾವಿರದ ಇಸವಿಯಲ್ಲಿ. ಹದಿನೆಂಟು ಸಾವಿರಕ್ಕೆ ಮಾರಿದೆ ಎಂದು ಹೇಳಿದಳು. ಎದುರಿನ ವಕೀಲರು ಪಾಟೀಸವಾಲಿಗೆ ಎದ್ದರು.

"ದರಾ ಹೆಂಗ ಠರಾವ ಆತು?"

"ಟವೆಲ್ ಕೆಳಗ್ರಿ."

"ನೀವು ಕೈ ಹಾಕಿದ್ರೇನು?"

"ಇಲ್ರಿ. ನಾವು ಹೆಣಮಕ್ಕಳು ಹೆಂಗ ಹಾಕೂದ್ರಿ?"

"ಮತ್ತ ಕಣ್ಣೀಲೆ ನೋಡಿದ್ರೇನು?"

"ಅರಿವಿ ಮುಚ್ಚಿರತೇತಲ್ರಿ."

"ಕೈಲೆ ಮುಟ್ಟಿಲ್ಲ, ಕಣ್ಣೀಲೆ ನೋಡಿಲ್ಲ. ಮತ್ತೊಬ್ಬಾವ ಹೇಳಿದ್ದು ಕೇಳಿ ಹದಿನೆಂಟು ಅಂತೀರಿ. ಹೌದಲ್ಲೋ?"

ರಾಚವ್ವ ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು. "ಹೌದ್ರಿ," ಎಂದಳು. ತಾನು ಬೆಳೆಸಿದ ದನದ ಬೆಲೆ ತನಗೇ ಗೊತ್ತಿಲ್ಲ ಎಂದು ತನ್ನ ಬಾಯಿಂದಲೇ ಬರೆಸಿಕೊಟ್ಟಂತಾಗಿತ್ತು.

ಹೊರಗೆ ಬೇವಿನ ಗಿಡದ ಕೆಳಗೆ ಗೌರೀಶ ಹೇಳಿದ. "ಈಗ ನಿಜಾಮಸಾಬ ಬಂದು ಹೇಳಬೇಕು. ನಿಮ್ಮ ಹಿರ್ಯಾರು ಕೋರ್ಟಿನ ಮೆಟ್ಟಲಾ ಹತ್ತೂದಿಲ್ಲ ಅಂದಾರ, ಅಂವ ಒಬ್ಬಾವನ ಇದಕ್ಕ ಸಾಕ್ಷಿ. ಅವನ ಬಸ್ಸಿನ ಖರ್ಚಿಗೆ ಭತ್ತೆ ತುಂಬೂಣು, ಕೋರ್ಟಿನಿಂದ ಸಮನ್ಸ್ ಕಳಸೂಣು."

"ಸಮನ್ಸ್ ಅಂದ್ರ ಬೇಲಿಫ್ ಅವನ ಮನಿಗೆ ಹೋಗತಾನೇನ್ರಿ?"

"ಹೌದು."

"ಬ್ಯಾಡ್ರಿ." ಆಕೆ ಸೆರಗು ಎಳೆದುಕೊಂಡಳು. "ಇಪ್ಪತ್ತು ವರ್ಷ ನನ್ನ ದನಾ ಮಾರಿಕೊಟ್ಟಾನ್ರಿ. ಅಣ್ಣನಂಥಾವ. ಅವನ ಮನಿಗೆ ಕಳ್ಳಗ ಕಳಿಸಿದಂಗ ಕೋರ್ಟಿನ ಮಂದೀನ ಕಳಸ್ಲೇನ್ರಿ? ನಾನ ಹೋಗಿ ಕರೀತೇನಿ."

"ಕರೀರಿ, ಬ್ಯಾಡ ಅನ್ನೂದಿಲ್ಲ. ಸಮನ್ಸೂ ಇರಲಿ."

"ಬ್ಯಾಡಂದ್ರ ಬ್ಯಾಡ್ರಿ."

ಗೌರೀಶ ಇನ್ನೊಂದು ಮಾತು ಜೋರು ಮಾಡಬೇಕಿತ್ತು, ಮಾಡಲಿಲ್ಲ.

ರಾಚವ್ವ ದೊಡವಾಡಕ್ಕೆ ಹೋದಳು. ನಿಜಾಮಸಾಬ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ವಯಸ್ಸು ಅರವತ್ತು ದಾಟಿತ್ತು, ಗಡ್ಡ ಬೆಳ್ಳಗಾಗಿತ್ತು. ಹೆಂಡತಿ ಕಾಶಿಂಬಿ ಚಹಾಕ್ಕೆ ಇಟ್ಟಳು. ರಾಚವ್ವ ತಾರೀಖು ಹೇಳಿದಳು. ಆತ ತಲೆ ಎತ್ತಲಿಲ್ಲ.

"ಕಾಗದ ಏನರ ಬರತೈತೇನು ತಂಗಿ?"

"ನಿನಗ ನಾ ಕಾಗದ ಕಳಸ್ತೇನೇನಣ್ಣಾ? ಅಷ್ಟು ತಿಳಿಗೇಡಿ ಅಲ್ಲ ನಾ. ಅದಕ್ಕ ಖುದ್ದ ಬಂದೇನಿ."

ನಿಜಾಮಸಾಬನ ಕೈಯ ಹಗ್ಗ ನಿಂತಿತು. "ಹೌದಾ," ಎಂದ. ಮತ್ತೆ ಹೊಸೆಯತೊಡಗಿ, "ನೋಡೂಣು," ಎಂದ. ಬಾಗಿಲಲ್ಲಿ ನಿಂತ ಕಾಶಿಂಬಿ ಏನೋ ಹೇಳಲು ಬಾಯಿ ತೆರೆದಳು. ಗಂಡ ಕಣ್ಣಿನಲ್ಲೇ ತಡೆದ.

ಆ ತಾರೀಖಿನಂದು ರಾಚವ್ವ ಮೊದಲ ಬಸ್ಸಿಗೇ ಬಂದು ಕೋರ್ಟಿನ ಗೇಟಿನಲ್ಲಿ ನಿಂತಳು. ದೊಡವಾಡದ ಬಸ್ಸು ಬಂದಾಗಲೆಲ್ಲ ಸ್ಟ್ಯಾಂಡಿಗೆ ಹೋಗಿ ಇಳಿಯುವವರ ಮುಖ ನೋಡಿ ಬರುವಳು. ಒಳಗೆ ತನ್ನ ಕೇಸು ಕರೆದುಬಿಟ್ಟರೆ ಎಂದು ಓಡೋಡಿ ಬರುವಳು. ಮಧ್ಯಾಹ್ನ ಸಿಪಾಯಿ ನಿಜಾಮಸಾಬನ ಹೆಸರು ಹಿಡಿದು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಸಮನ್ಸ್ ಕೇಳಿದ್ದೀರಾ ಎಂದು ಜಡ್ಜ್ ಸಾಹೇಬರು ಕೇಳಿದರು. ಇಲ್ಲ ಎಂದ ಗೌರೀಶ. ವಾದಿಯ ಕಡೆಯ ಸಾಕ್ಷಿ ಮುಗಿಯಿತು ಎಂದು ಬರೆದು ಸಾಹೇಬರು ಮುಂದಿನ ಕೇಸಿನ ಕಾಗದ ಎತ್ತಿಕೊಂಡರು.

"ಮುಗೀತು ಅಂದ್ರ ಏನ್ರಿ?" ಎಂದು ಹೊರಗೆ ಬಂದು ರಾಚವ್ವ ಕೇಳಿದಳು.

"ಅಂದ್ರ ದರಾ ಹೇಳಾಕ ನಮ್ಮ ಕಡೆ ಯಾರೂ ಇಲ್ಲ ಅಂತ."

ಆ ವಾರ ಊರಿನಲ್ಲಿ ಮಾತು ಶುರುವಾಯಿತು. ಅಮೋಘಸಿದ್ದಪ್ಪನೂ ನಿಜಾಮಸಾಬನೂ ಸಂತೆಯಲ್ಲಿ ಕೂಡಿ ಚಹಾ ಕುಡಿದರಂತೆ ಎಂದು ಒಬ್ಬ ಹೇಳಿದ. ರೊಕ್ಕ ತಿಂದಾನ ಎಂದು ಇನ್ನೊಬ್ಬ. ಸೋಮಪ್ಪ ಶಟರಿನ ಅಳತೆ ತೆಗೆಯಲು ವೆಲ್ಡಿಂಗಿನವನನ್ನು ಕರೆತಂದ. ಟೇಪು ಹಿಡಿದ ಆ ಮನುಷ್ಯ ಮೇವು ಹಾಕುವ ಗೋದಲಿ ಒಡೆಯಬೇಕಾಗುತ್ತದೆ ಎಂದ. ರಾಚವ್ವ ಚಪ್ಪಲಿ ಮೆಟ್ಟಿಕೊಂಡು ದೊಡವಾಡದ ಬಸ್ಸು ಹಿಡಿದಳು.

ನಿಜಾಮಸಾಬ ಮನೆಯಲ್ಲಿ ಇರಲಿಲ್ಲ. ಕಾಶಿಂಬಿ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು.

"ಎಷ್ಟು ಕೊಟ್ಟಾರಂತ ಕೇಳಾಕ ಬಂದೇನಿ," ಎಂದಳು ರಾಚವ್ವ, ನಿಂತಲ್ಲಿಂದಲೇ.

ಕಾಶಿಂಬಿ ಮೊರ ಕೆಳಗಿಟ್ಟಳು. "ಕುಂದರು ಅಕ್ಕಾ. ಬೈಯೂದಿದ್ರ ಕುಂತ ಬೈ. ಒಂದ ಪೈ ಮುಟ್ಟಿಲ್ಲ ಅಂವ. ನೀ ಮಾಡಿದ್ದ ಕೆಲಸಾ ಇದು."

"ನಾ ಏನ ಮಾಡಿದೆ?"

"ಕಾಗದ ಬರತೈತೇನು ಅಂತ ನಿನಗ ಕೇಳಿದ್ನಿಲ್ಲ? ಕಾಗದ ಬಂದ್ರ ಅಂವ ಸಂತ್ಯಾಗ ಹೇಳಬೋದಿತ್ತು, ಸರಕಾರ ಎಳಕೊಂಡು ಹೊಂಟೈತಿ, ನಾ ಏನ ಮಾಡ್ಲಿ ಅಂತ. ಕಾಗದಿಲ್ಲದ ತಾನ ಹೋಗಿ ಟವೆಲ್ ಒಳಗಿನ ಮಾತು ಹೇಳಿದ್ರ, ನಾಳಿಗೆ ಅವನ ಟವೆಲ್ ಕೆಳಗ ಯಾರು ಕೈ ಇಡತಾರ? ಮುದುಕಾದ ಮ್ಯಾಲ ನಾವು ಏನ ತಿನ್ನೂದು? ಮರ್ಯಾದಿ ಕೊಟ್ಟಿ ನೀ. ಅದರ ಬದಲಿ ಬೇಲಿಫ್‌ನ್ನ ಕಳಿಸಿದ್ರ ಅವನ ಮರ್ಯಾದಿ ಉಳೀತಿತ್ತು."

ರಾಚವ್ವ ಕೂತುಬಿಟ್ಟಳು. "ಇದನ್ನ ಅವತ್ತ ಯಾಕ ಹೇಳಲಿಲ್ಲ ಅಂವ?" ಎಂದಳು.

"ನನಗ ಸಮನ್ಸ್ ಕಳಸು ಅಂತ ಯಾವ ಗಂಡಸ ಬಾಯಿಬಿಟ್ಟ ಕೇಳತಾನವ್ವಾ?"

ನಮ್ಮ ಜನ ಹೀಗೆ. ಕಾನೂನನ್ನು ಬೈಗುಳ ಎಂದುಕೊಂಡಿದ್ದೇವೆ. ನೋಟೀಸು ಕೊಟ್ಟರೆ ಅವಮಾನ, ಸಹಿ ಕೇಳಿದರೆ ಅವಮಾನ, ಸಾಕ್ಷಿಗೆ ಕರೆದರೆ ಅವಮಾನ. ಈ ಅವಮಾನದ ಅಂಜಿಕೆಯಿಂದ ಯಾವಾಗಲೂ ಲಾಭ ಯಾರಿಗೆ ಆಗಿದೆ ಎಂದು ಒಮ್ಮೆ ನೋಡಿ. ಬಾಕಿ ಉಳಿಸಿಕೊಂಡವನಿಗೆ. ಕೊಡಬೇಕಾದವನು ಚಹಾ ಕುಡಿಸುತ್ತಾನೆ, ಬರಬೇಕಾದವಳು ಸಂಕೋಚದಿಂದ ಸಾಯುತ್ತಾಳೆ. ಕೋರ್ಟಿನ ಕ್ರಮವನ್ನು ಹೇಳಿಕೊಡಬೇಕಾದ ಕರಿ ಕೋಟಿನವರೂ ಅದನ್ನು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ, ಕಕ್ಷಿದಾರಳಿಗೆ 'ಸಹಿ ಮಾಡ್ರಿ' ಎನ್ನುವುದಷ್ಟೇ.

ಗೌರೀಶ ಮುಚ್ಚಿದ ಸಾಕ್ಷಿಯನ್ನು ಮತ್ತೆ ತೆರೆಯಬೇಕೆಂದು ಅರ್ಜಿ ಹಾಕಿದ. ಎದುರಿನವರು ತಕರಾರು ಮಾಡಿದರು. ತಿಂಗಳುಗಟ್ಟಲೆ ಅದೊಂದೇ ಚಿಂತೆ. ಕೊನೆಗೆ ಮುನ್ನೂರು ರೂಪಾಯಿ ಖರ್ಚು ಎದುರಿನವರಿಗೆ ಕೊಡಬೇಕು, ಒಂದೇ ಒಂದು ಅವಕಾಶ ಎಂದು ಸಾಹೇಬರು ಒಪ್ಪಿದರು. ಅಮೋಘಸಿದ್ದಪ್ಪನಿಗೆ ಕೊಡಲು ರಾಚವ್ವ ಮುನ್ನೂರು ಸಾಲ ಮಾಡಿದಳು. ಈ ಸಲ ಭತ್ತೆ ತುಂಬಿ ಸಮನ್ಸ್ ಕೇಳಿದಳು.

ಬೇಲಿಫ್ ಮನೆಗೆ ಹೋದಾಗ ನಿಜಾಮಸಾಬ, "ಸಂತ್ಯಾಗ ಸಿಗತೇನಿ, ಅಲ್ಲೇ ಬರ್ರಿ," ಎಂದನಂತೆ. ಸಂತೆಯ ನಟ್ಟನಡುವೆ, ನಾಲ್ಕು ದಲಾಲಿಗಳು ಕೂಡಿದ್ದಲ್ಲಿ ಕಾಗದ ತೆಗೆದುಕೊಂಡ. "ನನಗ ಓದಾಕ ಬರೂದಿಲ್ಲ, ಜೋರಂಗ ಓದ್ರಿ," ಎಂದ. ಬೇಲಿಫ್ ಓದಿದ. ತಪ್ಪಿದರೆ ವಾರಂಟು ಆದೀತು ಎಂದೂ ಸೇರಿಸಿದ. "ಕೇಳಿದ್ರೆಲ್ಲೋ?" ಎಂದ ನಿಜಾಮಸಾಬ ಉಳಿದವರಿಗೆ. ದಲಾಲಿಗಳು ಅಯ್ಯೋ ಪಾಪ ಎಂದರು.

ತಾರೀಖಿನ ದಿನ ಆತ ಕಟಕಟೆಯಲ್ಲಿ ನಿಂತ. ಹೆಸರು ಹೇಳಿದ, ಊರು ಹೇಳಿದ, ಹೋರಿಗಳ ಬಣ್ಣ, ಸುಳಿ ಎಲ್ಲ ಹೇಳಿದ. ದರ ಎಷ್ಟು ಎಂದು ಗೌರೀಶ ಕೇಳಿದ. ರಾಚವ್ವ ಬೆಂಚಿನ ಅಂಚು ಹಿಡಿದಳು. ಅಮೋಘಸಿದ್ದಪ್ಪ ಎದುರಿಗೇ ಕೂತು ನೋಡುತ್ತಿದ್ದ. ನಿಜಾಮಸಾಬನ ಕೈ ಹೆಗಲ ಟವೆಲ್ಲಿಗೆ ಹೋಯಿತು.

"ಸಾಹೇಬ್ರ, ತಮ್ಮ ಮಂದಿ ಯಾರರ ಕೈ ಕೊಟ್ರ ಹಿಡದ ಹೇಳತೇನ್ರಿ."

"ಹಂಗ ಆಗೂದಿಲ್ಲ," ಎಂದರು ಸಾಹೇಬರು. "ಬಾಯಿಲೆ ಹೇಳಬೇಕು. ಬರಕೊಳ್ಳಬೇಕು ನಾವು."

ಆತ ಟವೆಲ್ ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ಹದಿನೆಂಟು ಸಾವಿರ್ರಿ. ಏಳು ಅವತ್ತ, ಹನ್ನೊಂದು ಉಗಾದಿಗೆ."

ಎದುರಿನ ವಕೀಲರು ಎದ್ದರು. "ಚೀಟಿ ಏಳು ಸಾವಿರಕ್ಕ ಬರಿಸಿದಾವ ನೀನ ಹೌದಿಲ್ಲೋ?"

"ಹೌದ್ರಿ."

"ಅಂದ್ರ ಸುಳ್ಳ ಬರಿಸಿದಿ."

"ಸುಳ್ಳ ಬರಿಸೇನ್ರಿ. ಜಕಾತಿ ಉಳೀಲಿ ಅಂತ ತಗೊಂಡವ್ರು ಅಂದ್ರು, ಬರಿಸಿದೆ."

"ಅವತ್ತ ಸುಳ್ಳ ಬರಿಸಿದಾವ ಇವತ್ತ ಖರೇ ಹೇಳತಿ ಅಂತ ಹೆಂಗ ನಂಬೂದು?"

"ಅವತ್ತ ಯಾರೂ ಪ್ರಮಾಣ ಮಾಡಿಸಿದ್ದಿಲ್ರಿ."

ಸಾಹೇಬರು ಪೆನ್ನು ಕೆಳಗಿಟ್ಟು ತಾವೇ ಕೇಳಿದರು. "ಆ ಕಾಲಕ್ಕ ಸಂತ್ಯಾಗ ಏಳು ಸಾವಿರಕ್ಕ ಎಂಥಾ ಜೋಡಿ ಬರತಿತ್ತು?"

"ಜೋಡಿ ಎಲ್ಲಿ ಬರತಿತ್ರಿ? ಒಂದ ಮುದಿ ಎತ್ತ ಬರತಿತ್ತು. ಅದೂ ಕೆಮ್ಮತಿದ್ರ."

ಕೋರ್ಟು ನಕ್ಕಿತು. ರಾಚವ್ವ ನಗಲಿಲ್ಲ. ಗೆದ್ದೆವೋ ಸೋತೆವೋ ಆಕೆಗೆ ತಿಳಿಯುತ್ತಿರಲಿಲ್ಲ, ಯಾರೂ ತಿಳಿಸುತ್ತಲೂ ಇರಲಿಲ್ಲ.

ಎರಡು ಸಾವಿರದ ಒಂದರಲ್ಲಿ ತೀರ್ಪು ಬಂತು. ಹನ್ನೊಂದು ಸಾವಿರ, ದಾವೆಯ ದಿನದಿಂದ ನೂರಕ್ಕೆ ಆರರಂತೆ ಬಡ್ಡಿ, ಕೋರ್ಟಿನ ಖರ್ಚು. ರಾಚವ್ವ ಆ ಕಾಗದವನ್ನು ಮನೆಗೆ ತಂದು ದೇವರ ಮುಂದಿಟ್ಟಳು. ತಿಂಗಳು ಕಳೆದರೂ ದುಡ್ಡು ಬರಲಿಲ್ಲ. ಡಿಕ್ರಿ ಸಿಕ್ಕರೆ ದುಡ್ಡು ತಾನೇ ನಡೆದು ಬರುವುದಿಲ್ಲ, ಅದಕ್ಕೆ ಬೇರೆ ದರಖಾಸ್ತು ಹಾಕಬೇಕು ಎಂದು ಆಕೆಗೆ ಆಗ ಗೊತ್ತಾಯಿತು. ಮತ್ತೆ ಅರ್ಜಿ, ಮತ್ತೆ ತಾರೀಖು. ಕಡೆಗೆ ಅಮೋಘಸಿದ್ದಪ್ಪನ ಮೋಟರ್ ಸೈಕಲ್ಲಿನ ಮೇಲೆ ಜಪ್ತಿ ವಾರಂಟು ಸಿದ್ಧವಾಯಿತು. ಕಳಿಸಲೇ ಎಂದು ಗೌರೀಶ ಕೇಳಿದಾಗ ರಾಚವ್ವ, "ಕಳಸ್ರಿ," ಎಂದಳು. ಸೆರಗು ಎಳೆದುಕೊಳ್ಳಲಿಲ್ಲ.

ವಾರಂಟಿನ ಸುದ್ದಿ ಮುಟ್ಟಿದ ಎರಡನೆಯ ದಿನವೇ ಅಮೋಘಸಿದ್ದಪ್ಪ ಸಂಪಗಾಂವಕ್ಕೆ ಬಂದ. ಜೊತೆಗೆ ಅವೇ ಹಿರಿಯರು. ಪಡಸಾಲೆಯ ಜಮಖಾನದ ಮೇಲೆ ನೋಟಿನ ಕಟ್ಟು ಇಟ್ಟ. ಏಳು ವರ್ಷ ಕಾದ ಹನ್ನೊಂದು ಸಾವಿರ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಬಡ್ಡಿ ಬಿಟ್ಟಬಿಡವ್ವಾ. ಹಿರೇತನ ಮಾಡು," ಎಂದ ಒಬ್ಬ ಹಿರಿಯ. "ರೊಕ್ಕ ಮುಟ್ಟಿತಂತ ಒಂದ ಸಹಿ ಮಾಡು. ಮುಗದ ಹೋಗಲಿ."

ನಿಜಗುಣಪ್ಪ ಹಿಂದಿನಿಂದ, "ತಗೋ, ತಗೋ," ಎಂದು ಪಿಸುಗುಟ್ಟಿದ. ರಾಚವ್ವ ಕಟ್ಟನ್ನೇ ನೋಡಿದಳು. ತೆಗೆದುಕೊಳ್ಳದಿದ್ದರೆ ಈ ಕಟ್ಟು ಮತ್ತೆ ಕಣ್ಣಿಗೆ ಬೀಳುತ್ತದೋ ಇಲ್ಲವೋ. ಮೋಟರ್ ಸೈಕಲ್ಲು ನಾಳೆ ಅಳಿಯನ ಹೆಸರಿಗೆ ಹೋಗಬಹುದು. ಕೋರ್ಟಿನಲ್ಲಿ ಇನ್ನೊಂದು ತಕರಾರು ಏಳಬಹುದು.

"ಕೋರ್ಟಿನ್ಯಾಗ ಕಟ್ಟಲಿ," ಎಂದಳು.

"ಕೈಗೆ ಬಂದದ್ದು ಬ್ಯಾಡೇನು ನಿನಗ?"

"ಬೇಕ್ರಿ ಕಾಕಾ. ಬಾಳ ಬೇಕು. ಆದ್ರ ಇಲ್ಲಿ ಎಷ್ಟ ಕೊಟ್ರು, ಎಷ್ಟ ಬಿಟ್ರು ಅಂತ ನಾಳಿ ಮತ್ತೊಬ್ಬ ಸಾಕ್ಷಿ ಹುಡಕ್ಕೊಂಡು ಅಡ್ಡಾಡೂ ತ್ರಾಣ ನನಗಿಲ್ಲ."

ಅವರು ಕಟ್ಟು ಎತ್ತಿಕೊಂಡು ಹೋದರು. ನಿಜಗುಣಪ್ಪ ಎರಡು ದಿನ ಮಾತು ಬಿಟ್ಟ. ಮುಂದಿನ ತಾರೀಖಿನವರೆಗೆ ರಾಚವ್ವ ಹೊರಗೆ ಯಾರದಾದರೂ ಮೋಟರ್ ಸೈಕಲ್ಲಿನ ಸದ್ದು ಕೇಳಿದರೆ ಬೆಚ್ಚುತ್ತಿದ್ದಳು.

ಅಮೋಘಸಿದ್ದಪ್ಪ ಕೋರ್ಟಿನಲ್ಲೇ ಕಟ್ಟಿದ, ಬಡ್ಡಿ ಸಹಿತ. ಆ ಹಣ ಚೆಕ್ಕಾಗಿ ರಾಚವ್ವನ ಕೈ ಸೇರುವಷ್ಟರಲ್ಲಿ ಇನ್ನೂ ಎರಡು ತಿಂಗಳು ಹೋದವು. ಸಾಲಗಳನ್ನು ತೀರಿಸಿದ ಮೇಲೆ ಉಳಿದದ್ದರಲ್ಲಿ ಜೋಡಿ ಬರಲಿಲ್ಲ, ಅಷ್ಟರಲ್ಲಿ ಕರುಗಳ ದರ ಏರಿತ್ತು. ಒಂದೇ ಕರು ಬಂತು. ಸೋಮಪ್ಪ ಗೊಣಗುತ್ತ ಟ್ರ್ಯಾಕ್ಟರ್ ತೆಗೆದ. ಕೊಟ್ಟಿಗೆಯ ನೆಲ ಡೀಸೆಲ್ ಕುಡಿದು ಕರ್ರಗಾಗಿತ್ತು. ಕರು ಒಳಗೆ ಕಾಲಿಡಲು ಒಲ್ಲೆ ಎಂದು ಹಗ್ಗ ಜಗ್ಗಿತು. ರಾಚವ್ವ ಅದನ್ನು ಹೊರಗೆ ಗೂಟಕ್ಕೆ ಕಟ್ಟಿ, ಸಲಿಕೆ ತಂದು, ಮೊಳ ಆಳಕ್ಕೆ ಆ ಮಣ್ಣನ್ನು ಅಗೆದು ಬುಟ್ಟಿ ಬುಟ್ಟಿಯಾಗಿ ತಿಪ್ಪೆಯಾಚೆ ಚೆಲ್ಲತೊಡಗಿದಳು. ನಿಜಗುಣಪ್ಪ ಹೊಸ್ತಿಲ ಈಚೆ ನಿಂತು ಬುಟ್ಟಿ ಎತ್ತಿಕೊಟ್ಟ.